ಒಂದೇ ಶಿರದಲ್ಲಿ ಎರಡು ವ್ಯಾಧಿಗಳು: ಮಿದುಳಿನ ಸೌಮ್ಯ ಗಡ್ಡೆ ಮತ್ತು ಧಮನಿಯ ಉಬ್ಬುಗಳ ಸಹಾಸ್ತಿತ್ವವನ್ನು ಕುರಿತ ಐತಿಹಾಸಿಕ ವಿವೇಚನೆ

1. ವಿಷಯಪ್ರವೇಶ

ಮಿದುಳಿನ ಪ್ರದೇಶದಲ್ಲಿ ಬೆಳೆಯುವ ಸೌಮ್ಯ ಸ್ವರೂಪದ ಗಡ್ಡೆಯೂ, ಮಿದುಳಿಗೆ ರಕ್ತವನ್ನೊಯ್ಯುವ ಧಮನಿಯ ಗೋಡೆಯಲ್ಲಿ ಮೂಡುವ ಉಬ್ಬೂ ಒಬ್ಬನೇ ವ್ಯಕ್ತಿಯಲ್ಲಿ ಏಕಕಾಲಕ್ಕೆ ಕಂಡುಬರುವುದುಂಟು. ವೈದ್ಯಗ್ರಂಥಗಳು ಈ ಸಂಯೋಗವನ್ನು ವಿರಳವೆಂದೇ ಹೇಳುತ್ತ ಬಂದಿವೆ. ವಿರಳವೆಂಬ ಈ ಮಾತು ಎಷ್ಟರಮಟ್ಟಿಗೆ ರೋಗದ ಸ್ವಭಾವಕ್ಕೆ ಸೇರಿದ್ದು, ಎಷ್ಟರಮಟ್ಟಿಗೆ ನೋಡುವವರ ಸಾಧನಗಳಿಗೆ ಸೇರಿದ್ದು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಲು ಯತ್ನಿಸಿದ್ದೇವೆ.

ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಇಂಥ ವಿಷಯಕ್ಕೆ ಎಡೆಯೇಕೆ ಎಂಬ ಪ್ರಶ್ನೆ ವಾಚಕರಲ್ಲಿ ಏಳುವುದು ಸಹಜ. ನಾವು ವೈದ್ಯರಲ್ಲ, ಚಿಕಿತ್ಸೆಯ ಉಪದೇಶ ನಮ್ಮ ಉದ್ದೇಶವೂ ಅಲ್ಲ. ಆದರೆ ಇಲ್ಲಿ ಎದುರಾಗುವ ಪ್ರಶ್ನೆಯು ಮೂಲತಃ ಆಧಾರಗಳ ಪ್ರಶ್ನೆ. ಒಂದು ಊರಿನಲ್ಲಿ ಶಾಸನ ದೊರೆಯಲಿಲ್ಲವೆಂದ ಮಾತ್ರಕ್ಕೆ ಆ ಊರಿಗೆ ಪ್ರಾಚೀನತೆಯೇ ಇಲ್ಲವೆಂದು ನಿರ್ಣಯಿಸಲಾಗದು. ಒಂದೇ ದೇವಾಲಯದ ಗೋಡೆಯಲ್ಲಿ ಎರಡು ಶಾಸನಗಳಿದ್ದ ಮಾತ್ರಕ್ಕೆ ಎರಡನ್ನೂ ಒಬ್ಬನೇ ಅರಸನು ಬರೆಯಿಸಿದನೆನ್ನಲೂ ಆಗದು. ಈ ಎರಡು ಎಚ್ಚರಿಕೆಗಳನ್ನು ಇತಿಹಾಸದ ವಿದ್ಯಾರ್ಥಿಗಳಿಗೆ ನಾವು ಮೊದಲ ವರ್ಷದಲ್ಲಿಯೇ ಹೇಳಿಕೊಡುತ್ತೇವೆ. ಮಿದುಳಿನ ಈ ಎರಡು ವ್ಯಾಧಿಗಳ ಚರಿತ್ರೆಯಲ್ಲಿ ಅವೇ ಎಚ್ಚರಿಕೆಗಳು ಅಕ್ಷರಶಃ ಜೀವನ್ಮರಣದ ವಿಷಯಗಳಾಗಿ ಪರಿಣಮಿಸುತ್ತವೆ. ಇದನ್ನು ಬೀದರ ಜಿಲ್ಲೆಯ ಹುಮನಾಬಾದು–ಬಸವಕಲ್ಯಾಣ ಸೀಮೆಯ ನಿರ್ಣಾ ಗ್ರಾಮದ ಕಡೆಯಿಂದ ನಿಂತು ನೋಡಿದರೆ ವಿಷಯವು ಇನ್ನಷ್ಟು ಸ್ಪಷ್ಟವಾಗುವುದೆಂದು ನಮ್ಮ ನಂಬಿಕೆ.

2. ಎರಡು ವ್ಯಾಧಿಗಳ ಸ್ವರೂಪ

ಮೊದಲಿಗೆ ಪದಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಸೌಮ್ಯ ಗಡ್ಡೆಯೆಂದರೆ ಅಕ್ಕಪಕ್ಕದ ಅಂಗಾಂಶಗಳೊಳಕ್ಕೆ ನುಗ್ಗಿ ನಾಶಮಾಡದೆ, ದೇಹದ ಇತರ ಭಾಗಗಳಿಗೆ ಹರಡದೆ, ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುವ ಗಡ್ಡೆ. ಇವುಗಳಲ್ಲಿ ಮುಖ್ಯವಾದುದು ಮಿದುಳನ್ನು ಸುತ್ತುವರಿದ ಪೊರೆಯಿಂದ ಹುಟ್ಟುವ ಮೆನಿಂಜಿಯೋಮಾ. ಇದು ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚಾಗಿ ಕಾಣುತ್ತದೆ. ಎರಡನೆಯದು ಮಿದುಳಿನ ತಳಭಾಗದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಹುಟ್ಟುವ ಗಡ್ಡೆ. ಸೌಮ್ಯವೆಂಬ ವಿಶೇಷಣದಿಂದ ಯಾರೂ ಮೋಸಹೋಗಬಾರದು. ಕಪಾಲವು ಹಿಗ್ಗದ ಪೆಟ್ಟಿಗೆ. ಅದರೊಳಗೆ ಬೆಳೆಯುವ ವಸ್ತು ಸ್ವಭಾವದಿಂದ ಎಷ್ಟೇ ಸಾಧುವಾಗಿದ್ದರೂ ಪಕ್ಕದಲ್ಲಿದ್ದುದನ್ನು ಒತ್ತಿಯೇ ತನ್ನ ಸ್ಥಳವನ್ನು ಪಡೆಯಬೇಕು. ದೃಷ್ಟಿ ಮಂದವಾಗುವುದು, ಮೂರ್ಛೆ ಬರುವುದು, ಒಂದು ಕೈಯೋ ಕಾಲೋ ಶಕ್ತಿಗುಂದುವುದು ಈ ಒತ್ತಡದ ಫಲಗಳು.

ಧಮನಿಯುಬ್ಬು, ಅಂದರೆ ವೈದ್ಯರು ಅನ್ಯೂರಿಸಂ ಎನ್ನುವುದು, ಗಡ್ಡೆಯಲ್ಲ. ಧಮನಿಯ ಗೋಡೆ ದುರ್ಬಲವಾದ ಎಡೆಯಲ್ಲಿ, ಹೆಚ್ಚಾಗಿ ಧಮನಿಯು ಕವಲೊಡೆಯುವ ಸಂಧಿಯಲ್ಲಿ, ರಕ್ತದ ಒತ್ತಡದಿಂದ ಅದು ಹೊರಕ್ಕೆ ಬುಗುಟಿನಂತೆ ಉಬ್ಬುತ್ತದೆ. ಬಹುಪಾಲು ಉಬ್ಬುಗಳು ಜೀವಮಾನವಿಡೀ ಯಾವ ತೊಂದರೆಯನ್ನೂ ಕೊಡದೆ ಉಳಿಯುತ್ತವೆ. ಆದರೆ ಒಡೆದರೆ ಮಿದುಳಿನ ಸುತ್ತಣ ಅವಕಾಶದಲ್ಲಿ ರಕ್ತ ತುಂಬಿ, ಹಿಂದೆಂದೂ ಅನುಭವಿಸದ ತೀವ್ರತೆಯ ತಲೆನೋವು ಕ್ಷಣಮಾತ್ರದಲ್ಲಿ ಎರಗುತ್ತದೆ. ಹಲವರು ಆಸ್ಪತ್ರೆಯನ್ನು ತಲಪುವ ಮೊದಲೇ ಪ್ರಾಣಬಿಡುತ್ತಾರೆ. ಅಧಿಕ ರಕ್ತದೊತ್ತಡ, ಧೂಮಪಾನ, ವಂಶದಲ್ಲಿ ಇದೇ ವ್ಯಾಧಿಯಿರುವುದು ಇದರ ಅಪಾಯವನ್ನು ಹೆಚ್ಚಿಸುತ್ತವೆ. ಇದು ಕೂಡ ಸ್ತ್ರೀಯರಲ್ಲಿ, ಅದರಲ್ಲಿಯೂ 50 ವರ್ಷ ದಾಟಿದವರಲ್ಲಿ, ಹೆಚ್ಚು.

ಹೀಗೆ ಒಂದು ವ್ಯಾಧಿಯು ವರ್ಷಗಳ ಕಾಲಮಾನದಲ್ಲಿ ಕೆಲಸಮಾಡುತ್ತದೆ, ಇನ್ನೊಂದು ಕ್ಷಣದ ಕಾಲಮಾನದಲ್ಲಿ. ಎರಡೂ ಒಂದೇ ಶಿರದಲ್ಲಿ ನೆಲೆಸಿದಾಗ ವೈದ್ಯನಿಗೆ ಒದಗುವ ಸಂಕಟದ ಮೂಲ ಇದರಲ್ಲಿಯೇ ಇದೆ.

3. ಪ್ರಾಚೀನ ಹೆಸರುಗಳು

ನಮ್ಮ ಪ್ರಾಚೀನ ವೈದ್ಯಶಾಸ್ತ್ರವು ಇಂಥ ಎರಡು ಬಗೆಯ ವಿಕಾರಗಳನ್ನು ಹೆಸರಿನಲ್ಲಿ ಪ್ರತ್ಯೇಕಿಸಿತ್ತು. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಗ್ರಂಥಿ ಹಾಗೂ ಅರ್ಬುದಗಳು ಒಂದೇ ಅಧ್ಯಾಯದಲ್ಲಿ ಬರುತ್ತವೆ. ಅರ್ಬುದವು ದುಂಡಾಗಿ, ಸ್ಥಿರವಾಗಿ, ಮಂದವಾದ ನೋವಿನಿಂದ ಕೂಡಿ, ಆಳವಾದ ಮೂಲವುಳ್ಳದ್ದಾಗಿ, ಬಹುಕಾಲದಲ್ಲಿ ಬೆಳೆಯುವುದೆಂದು ಅಲ್ಲಿ ವರ್ಣಿತವಾಗಿದೆ. ಗ್ರಂಥಿಗಳಲ್ಲಿ ಒಂದು ಬಗೆ ಸಿರಾಜ ಗ್ರಂಥಿ, ಎಂದರೆ ಸಿರೆಯಿಂದ ಹುಟ್ಟಿದ್ದು. ಇದನ್ನು ಕೆಲವು ಆಧುನಿಕ ವ್ಯಾಖ್ಯಾನಕಾರರು ರಕ್ತನಾಳದ ಉಬ್ಬಿಗೆ ಸಮೀಕರಿಸಿದ್ದಾರೆ. ಮರ್ಮಸ್ಥಾನದಲ್ಲಿ ಹುಟ್ಟಿದ ಸಿರಾಜ ಗ್ರಂಥಿಯನ್ನು ಸಂಹಿತೆಯು ಅಸಾಧ್ಯಗಳ ಸಾಲಿಗೆ ಸೇರಿಸುತ್ತದೆ.

ನಿರ್ಣಾಕ್ಕೆ ನೆರೆಯ ಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದಾಗ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರೋಗಚಿಕಿತ್ಸೆಯ ವಿಷಯಕ್ಕೂ ಸ್ಥಾನವಿದೆ. ಆದುದರಿಂದ ಈ ಸೀಮೆಗೆ ವೈದ್ಯವಿದ್ಯೆಯ ಪರಿಚಯ ಹೊಸದೇನೂ ಅಲ್ಲ. ಆದರೆ ಈ ಹಳೆಯ ಹೆಸರುಗಳನ್ನು ಹಿಡಿದು, ಪ್ರಾಚೀನರಿಗೆ ಕಪಾಲದೊಳಗಣ ಗಡ್ಡೆಯೂ ಧಮನಿಯುಬ್ಬೂ ತಿಳಿದಿದ್ದುವೆಂದು ಹೇಳಹೊರಡುವುದು ಸಾಧುವಲ್ಲ. ಅವರು ವರ್ಣಿಸಿದ್ದು ಕೈಯಿಂದ ಮುಟ್ಟಿ, ಕಣ್ಣಿಂದ ಕಂಡು ಅರಿಯಬಹುದಾದುದನ್ನು. ತಲೆಬುರುಡೆಯ ಒಳಗು ಸ್ಪರ್ಶಕ್ಕೂ ದೃಷ್ಟಿಗೂ ನಿಲುಕದ ಸ್ಥಳ. ಕಪಾಲವನ್ನು ತೆರೆಯದೆ ಅಥವಾ ಅದರ ಮೂಲಕ ಹಾಯ್ದು ನೋಡುವ ಉಪಾಯವಿಲ್ಲದೆ ಅಲ್ಲಿಯ ಎರಡು ವ್ಯಾಧಿಗಳ ಸಹಾಸ್ತಿತ್ವವನ್ನು ಯಾವ ದೇಶದವರೂ ಅರಿಯುವಂತಿರಲಿಲ್ಲ.

4. ಗಡ್ಡೆಯನ್ನು ಅರಸಿದವರಿಗೆ ದೊರೆತ ಉಬ್ಬು

ಆಧುನಿಕ ಕಾಲದಲ್ಲಿ ಈ ಜ್ಞಾನವು ಬೆಳೆದುಬಂದ ರೀತಿ ಗಮನಾರ್ಹವಾಗಿದೆ. 1884ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ರಿಕ್‌ಮನ್ ಗಾಡ್ಲೀ ಎಂಬ ಶಸ್ತ್ರವೈದ್ಯನು ಕೇವಲ ರೋಗಿಯ ಲಕ್ಷಣಗಳಿಂದ ಸ್ಥಾನವನ್ನು ಊಹಿಸಿ ಮಿದುಳಿನ ಗಡ್ಡೆಯೊಂದನ್ನು ಹೊರತೆಗೆದನು. ರೋಗಿಯು ಕೆಲವು ವಾರಗಳಲ್ಲಿ ಸೋಂಕಿನಿಂದ ತೀರಿಕೊಂಡನಾದರೂ, ಲಕ್ಷಣವನ್ನು ಓದಿ ಸ್ಥಾನವನ್ನು ನಿರ್ಣಯಿಸಬಹುದೆಂಬುದು ಸಿದ್ಧವಾಯಿತು. ಆದರೆ ಸ್ಥಾನವು ತಿಳಿದರೂ ವಸ್ತುವು ತಿಳಿಯಬೇಕೆಂಬ ನಿಯಮವಿಲ್ಲ. ಅದೇ ಕಾಲದಲ್ಲಿ ಸರ್ ವಿಕ್ಟರ್ ಹಾರ್ಸ್‌ಲಿಯು ಗಡ್ಡೆಯಿದೆಯೆಂದು ಭಾವಿಸಿ ಕಪಾಲವನ್ನು ತೆರೆದಾಗ ಅಲ್ಲಿ ಕಂಡದ್ದು ದೊಡ್ಡದಾದ ಧಮನಿಯುಬ್ಬು. ಆತನು ಅದನ್ನು ಮುಟ್ಟದೆ, ಕುತ್ತಿಗೆಯಲ್ಲಿ ಹಾದುಹೋಗುವ ಮುಖ್ಯ ಧಮನಿಯನ್ನು ಕಟ್ಟಿದನು. ಎರಡರ ನಡುವಣ ಗೊಂದಲವು ಎಷ್ಟು ಹಳೆಯದೆಂಬುದಕ್ಕೆ ಇದೊಂದು ನಿದರ್ಶನ.

ಅಮೆರಿಕೆಯ ಹಾರ್ವೆ ಕುಷಿಂಗ್ ಮಿದುಳಿನ ಗಡ್ಡೆಗಳ ಶಸ್ತ್ರಚಿಕಿತ್ಸೆಯನ್ನು ಒಂದು ಶಾಸ್ತ್ರವನ್ನಾಗಿ ಮಾಡಿದವನು. ಮೆನಿಂಜಿಯೋಮಾ ಎಂಬ ಹೆಸರನ್ನು 1922ರಲ್ಲಿ ಬಳಕೆಗೆ ತಂದವನೂ ಆತನೇ. ಆತನ ಆಸ್ಪತ್ರೆಯಲ್ಲಿ ಕೆಲಕಾಲ ಇದ್ದ ಇಂಗ್ಲೆಂಡಿನ ಚಾರ್ಲ್ಸ್ ಸೈಮಂಡ್ಸ್ ಒಬ್ಬ ರೋಗಿಯ ವಿಷಯದಲ್ಲಿ ಧಮನಿಯುಬ್ಬನ್ನು ಊಹಿಸಿದನು; ಮರಣೋತ್ತರ ಪರೀಕ್ಷೆಯಲ್ಲಿ ಆ ಊಹೆಯು ನಿಜವಾಯಿತು. ಅದು ಅದೃಷ್ಟವೋ ಶಾಸ್ತ್ರವೋ ಎಂಬ ಪ್ರಶ್ನೆಗೆ ಉತ್ತರವಾಗಿ ಆತನು ಹಿಂದಿನ ಪ್ರಕರಣಗಳನ್ನೆಲ್ಲ ಕೂಡಿಸಿ 1923ರಲ್ಲಿ ಪ್ರಕಟಿಸಿದ ಪ್ರಬಂಧವು ಈ ವ್ಯಾಧಿಯ ಚರಿತ್ರೆಯಲ್ಲಿ ಮೈಲಿಗಲ್ಲಾಗಿದೆ. ಇಲ್ಲಿ ಗಮನಿಸಬೇಕಾದುದೇನೆಂದರೆ, ಊಹೆಯನ್ನು ಪ್ರಮಾಣೀಕರಿಸಿದ್ದು ಮರಣೋತ್ತರ ಪರೀಕ್ಷೆ. ಬದುಕಿರುವ ಮನುಷ್ಯನಲ್ಲಿ ಆಗಿನ್ನೂ ಅದನ್ನು ನೋಡುವ ಬಗೆಯಿರಲಿಲ್ಲ.

5. ನೋಟದ ಸಾಧನಗಳು

ಆ ಬಗೆಯು ದೊರೆತದ್ದು 1927ರಲ್ಲಿ. ಪೋರ್ಚುಗಲ್ಲಿನ ಲಿಸ್ಬನ್ ನಗರದಲ್ಲಿ ಎಗಾಸ್ ಮೊನಿಜ್ ಧಮನಿಯೊಳಕ್ಕೆ ಕ್ಷ-ಕಿರಣಗಳನ್ನು ತಡೆಯುವ ದ್ರವವನ್ನು ಹಾಯಿಸಿ ಮಿದುಳಿನ ರಕ್ತನಾಳಗಳ ಚಿತ್ರವನ್ನು ತೆಗೆದನು. ಇದೇ ಆಂಜಿಯೋಗ್ರಫಿ. ಆತನ ಮೂಲ ಉದ್ದೇಶ ಧಮನಿಯುಬ್ಬನ್ನು ಕಾಣುವುದಾಗಿರಲಿಲ್ಲ. ಗಡ್ಡೆಯು ರಕ್ತನಾಳಗಳನ್ನು ಪಕ್ಕಕ್ಕೆ ಸರಿಸುತ್ತದೆಯಾದುದರಿಂದ, ಸರಿದ ನಾಳಗಳನ್ನು ಕಂಡು ಗಡ್ಡೆಯ ಸ್ಥಾನವನ್ನು ತಿಳಿಯಬೇಕೆಂಬುದೇ ಆತನ ಯೋಚನೆ. ಕೆಲವೇ ವರ್ಷಗಳಲ್ಲಿ ಅದೇ ಚಿತ್ರಗಳಲ್ಲಿ ಧಮನಿಯುಬ್ಬುಗಳೂ ಕಾಣಿಸಿಕೊಂಡುವು. ಗಡ್ಡೆಗಾಗಿ ನಿರ್ಮಿಸಿದ ಕನ್ನಡಿಯಲ್ಲಿ ಉಬ್ಬು ಪ್ರತಿಬಿಂಬಿಸಿತು. ಎರಡು ವ್ಯಾಧಿಗಳೂ ಒಂದೇ ಜೀವಂತ ಶಿರದಲ್ಲಿ ಒಟ್ಟಿಗೆ ಕಾಣುವ ಸಾಧ್ಯತೆ ಉಂಟಾದುದು ಇಲ್ಲಿಂದೀಚೆಗೆ.

ಚಿಕಿತ್ಸೆಯೂ ನೋಟವನ್ನು ಹಿಂಬಾಲಿಸಿತು. 1931ರಲ್ಲಿ ಎಡಿನ್‌ಬರೋವಿನ ನಾರ್ಮನ್ ಡಾಟ್ ಒಡೆದ ಧಮನಿಯುಬ್ಬನ್ನು ರೋಗಿಯದೇ ಸ್ನಾಯುವಿನ ತುಣುಕಿನಿಂದ ಸುತ್ತಿ ಬಿಗಿಮಾಡಿದನು. 1937ರ ಮಾರ್ಚಿಯಲ್ಲಿ ಬಾಲ್ಟಿಮೋರಿನ ವಾಲ್ಟರ್ ಡ್ಯಾಂಡಿ ಉಬ್ಬಿನ ಕುತ್ತಿಗೆಗೆ ಬೆಳ್ಳಿಯ ಕ್ಲಿಪ್ಪನ್ನು ಹಾಕಿ ಅದನ್ನು ರಕ್ತಪ್ರವಾಹದಿಂದ ಬೇರ್ಪಡಿಸಿದನು. ಮುಂದೆ 1990ರ ದಶಕದಲ್ಲಿ ಇಟಲಿಯ ಗುಗ್ಲಿಯೆಲ್ಮಿಯು ರೂಪಿಸಿದ ಪ್ಲಾಟಿನಮ್ ಸುರುಳಿಗಳು ಬಂದುವು. ತೊಡೆಯ ಧಮನಿಯ ಮೂಲಕ ಸಣ್ಣ ನಳಿಕೆಯನ್ನು ಮಿದುಳಿನವರೆಗೆ ಒಯ್ದು, ಕಪಾಲವನ್ನು ತೆರೆಯದೆಯೇ ಉಬ್ಬನ್ನು ಒಳಗಿನಿಂದ ತುಂಬಿಬಿಡುವ ಉಪಾಯವಿದು. 2,143 ರೋಗಿಗಳನ್ನು ಒಳಗೊಂಡು 2002ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಪರೀಕ್ಷಣದಲ್ಲಿ, ಒಂದು ವರ್ಷದ ಅಂತ್ಯಕ್ಕೆ ಮೃತಪಟ್ಟವರು ಅಥವಾ ಪರಾವಲಂಬಿಗಳಾದವರು ಸುರುಳಿ ಪಡೆದವರಲ್ಲಿ ಶೇಕಡಾ 23.7, ಕ್ಲಿಪ್ಪು ಪಡೆದವರಲ್ಲಿ ಶೇಕಡಾ 30.6.

1971ರ ಅಕ್ಟೋಬರಿನಲ್ಲಿ ಲಂಡನ್ನಿನ ಆಟ್ಕಿನ್‌ಸನ್ ಮೊರ್ಲೆ ಆಸ್ಪತ್ರೆಯಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡನ ಸಿ.ಟಿ. ಯಂತ್ರವು ಮೊದಲ ರೋಗಿಯ ಮಿದುಳಿನ ಅಡ್ಡಕೊಯ್ತದ ಚಿತ್ರವನ್ನು ತೆಗೆದಾಗಲೂ ಶಂಕೆಯಿದ್ದುದು ಗಡ್ಡೆಯದೇ. ಆ ಬಳಿಕ ಬಂದ ಎಂ.ಆರ್.ಐ. ಯಂತ್ರವು ನಾಳಕ್ಕೆ ಏನನ್ನೂ ಚುಚ್ಚದೆ, ಹರಿಯುವ ರಕ್ತದ ಗುಣದಿಂದಲೇ ಧಮನಿಗಳ ಚಿತ್ರವನ್ನು ಕೊಡಬಲ್ಲುದಾಯಿತು. ಆದರೆ ಗಡ್ಡೆಗಾಗಿ ತೆಗೆದ ಸಾಮಾನ್ಯ ಚಿತ್ರದಲ್ಲಿ ಸಣ್ಣ ಧಮನಿಯುಬ್ಬು ಕಾಣದೆ ಹೋಗುವುದುಂಟು. ಅದನ್ನು ಕಾಣಬೇಕಾದರೆ ಧಮನಿಗಳನ್ನೇ ಉದ್ದೇಶಿಸಿ ಚಿತ್ರವನ್ನು ತೆಗೆಯಬೇಕು. ನೋಡುವವನು ಏನನ್ನು ಕೇಳುತ್ತಾನೋ ಅದಕ್ಕೇ ಚಿತ್ರವು ಉತ್ತರಿಸುತ್ತದೆ. ಆಕರಗಳ ವಿಷಯದಲ್ಲಿ ಇತಿಹಾಸಕಾರನಿಗೆ ಇದು ಪರಿಚಿತವಾದ ಮಾತೇ ಆಗಿದೆ.

6. ಕಾಕತಾಳೀಯವೋ ಕಾರ್ಯಕಾರಣವೋ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಎರಡೂ ಒಟ್ಟಿಗೆ ಕಂಡಾಗ ಒಂದು ಇನ್ನೊಂದನ್ನು ಉಂಟುಮಾಡಿತೆನ್ನಬೇಕೆ, ಅಥವಾ ಎರಡು ಸಾಮಾನ್ಯ ವ್ಯಾಧಿಗಳು ಆಕಸ್ಮಿಕವಾಗಿ ಒಂದೆಡೆ ಸೇರಿದುವೆನ್ನಬೇಕೆ?

ನೆದರ್ಲೆಂಡಿನ ರೋಟರ್‌ಡಾಮ್ ನಗರದಲ್ಲಿ ಯಾವ ರೋಗಲಕ್ಷಣದ ನಿಮಿತ್ತವೂ ಇಲ್ಲದೆ ಸಾಮಾನ್ಯ ಜನರಲ್ಲಿ 45 ವರ್ಷ ಮೀರಿದ 2,000 ಮಂದಿಯ ಮಿದುಳನ್ನು ಎಂ.ಆರ್.ಐ.ಯಿಂದ ಪರೀಕ್ಷಿಸಿ 2007ರಲ್ಲಿ ಫಲಿತಾಂಶವನ್ನು ಪ್ರಕಟಿಸಲಾಯಿತು. ಶೇಕಡಾ 1.8 ಜನರಲ್ಲಿ ಧಮನಿಯುಬ್ಬು, ಶೇಕಡಾ 1.6 ಜನರಲ್ಲಿ ಸೌಮ್ಯ ಗಡ್ಡೆ ಕಂಡುಬಂದುವು. ಗಡ್ಡೆಗಳಲ್ಲಿ ಹೆಚ್ಚಿನವು ಮೆನಿಂಜಿಯೋಮಾಗಳು. ಎರಡಕ್ಕೂ ಪರಸ್ಪರ ಯಾವ ಸಂಬಂಧವೂ ಇಲ್ಲವೆಂದು ಭಾವಿಸಿ ಗುಣಿಸಿದರೆ, ಎರಡೂ ಒಬ್ಬರಲ್ಲಿಯೇ ಇರುವ ಸಂಭವ ಶೇಕಡಾ 0.03ಕ್ಕೆ ತುಸು ಕಡಮೆ, ಎಂದರೆ ಲಕ್ಷಕ್ಕೆ ಸುಮಾರು 29 ಮಂದಿ. ಕಾಕತಾಳೀಯವೊಂದರಿಂದಲೇ ಇಷ್ಟು ಜನರಲ್ಲಿ ಈ ಸಂಯೋಗವು ಉಂಟಾಗಬಹುದಾಗಿದೆ. ವಿರಳವೆಂಬುದು ನಿಜ, ಆದರೆ ಅದ್ಭುತವೇನೂ ಅಲ್ಲ.

ಇದೇ ಲೆಕ್ಕವನ್ನು ಉದಾಹರಣೆಗಾಗಿ ಮಾತ್ರ ನಮ್ಮ ಜಿಲ್ಲೆಗೆ ಅನ್ವಯಿಸಿ ನೋಡಬಹುದು. 2011ರ ಜನಗಣತಿಯಂತೆ ಬೀದರ ಜಿಲ್ಲೆಯ ಜನಸಂಖ್ಯೆ 17,03,300. ಇವರಲ್ಲಿ ಐದರಲ್ಲೊಂದು ಭಾಗದವರು 45 ವರ್ಷ ಮೀರಿದವರೆಂದು ಊಹಿಸಿಕೊಂಡರೆ, ಜಿಲ್ಲೆಯಲ್ಲಿ ಸುಮಾರು 100 ಮಂದಿ ಈ ಎರಡು ವ್ಯಾಧಿಗಳನ್ನೂ ತಮಗರಿಯದೆಯೇ ಹೊತ್ತು ನಡೆಯುತ್ತಿರಬೇಕಾಗುತ್ತದೆ. ಡಚ್ಚರ ಪ್ರಮಾಣವು ನಮ್ಮವರಿಗೆ ಹಾಗೆಯೇ ಸಲ್ಲುತ್ತದೆಂದು ನಾವು ವಾದಿಸುತ್ತಿಲ್ಲ. ದಾಖಲೆಯಲ್ಲಿ ಹೆಸರಿಲ್ಲದ ವ್ಯಾಧಿಯು ಜನರಲ್ಲಿ ಇಲ್ಲದ ವ್ಯಾಧಿಯಲ್ಲವೆಂಬುದನ್ನು ತೋರಿಸುವುದಕ್ಕೆ ಈ ಗುಣಾಕಾರವು ಸಾಕು.

ಹಾಗಾದರೆ ಕಾರ್ಯಕಾರಣ ಸಂಬಂಧಕ್ಕೆ ಎಡೆಯೇ ಇಲ್ಲವೆ? ಎಡೆಯುಂಟು; ಆದರೆ ಜಾಗರೂಕತೆಯಿಂದ ಹೇಳಬೇಕು. ಪಿಟ್ಯುಟರಿ ಗಡ್ಡೆಗಳಲ್ಲಿ ಕೆಲವು ಬೆಳವಣಿಗೆಯ ಹಾರ್ಮೋನನ್ನು ಅತಿಯಾಗಿ ಸ್ರವಿಸಿ, ಕೈಕಾಲು ಮುಖಗಳು ದೊಡ್ಡದಾಗುವ ಆಕ್ರೋಮೆಗಲಿ ಎಂಬ ರೋಗವನ್ನು ಉಂಟುಮಾಡುತ್ತವೆ. ಇಂಥವರಲ್ಲಿ ಧಮನಿಯುಬ್ಬುಗಳು ಸಾಮಾನ್ಯ ಜನರಿಗಿಂತ ಹೆಚ್ಚೆಂದು ಹಲವು ಅಧ್ಯಯನಗಳು ತಿಳಿಸುತ್ತವೆ. ಆ ಹಾರ್ಮೋನು ಧಮನಿಯ ಗೋಡೆಯ ಮೇಲೆ ಪರಿಣಾಮ ಮಾಡುವುದೆಂಬುದು ಇದಕ್ಕೆ ಕೊಡುವ ವಿವರಣೆ. ಮೆನಿಂಜಿಯೋಮಾದ ವಿಷಯದಲ್ಲಿ, ಗಡ್ಡೆಯನ್ನು ಪೋಷಿಸುವ ಧಮನಿಯಲ್ಲಿ ರಕ್ತದ ಹರಿವು ಹೆಚ್ಚಿ ಗೋಡೆಯು ದಣಿಯುತ್ತದೆಂಬ ವಾದವಿದೆ. ಎರಡೂ ತಲೆಯ ಒಂದೇ ಪಾರ್ಶ್ವದಲ್ಲಿ ಕಂಡ ಪ್ರಕರಣಗಳು ಇದಕ್ಕೆ ಆಧಾರ. ಈ ವಾದವು ಇನ್ನೂ ಸಿದ್ಧಾಂತದ ಮಟ್ಟವನ್ನು ಮುಟ್ಟಿಲ್ಲ. ಏಕೆಂದರೆ ಎರಡು ವ್ಯಾಧಿಗಳೂ ಮಧ್ಯವಯಸ್ಸು ದಾಟಿದ ಸ್ತ್ರೀಯರಲ್ಲಿ ಹೆಚ್ಚು. ಒಂದೇ ಸಮುದಾಯವನ್ನು ಎರಡೂ ಆರಿಸಿಕೊಂಡಾಗ ಅವು ಮೇಲಿಂದ ಮೇಲೆ ಸಂಧಿಸುವುದು ಸಹಜ. ಇದರ ಮೇಲೆ ಇನ್ನೊಂದು ತೊಡಕಿದೆ. ಗಡ್ಡೆಯೊಂದೇ ಇದ್ದ ಸಾವಿರಾರು ರೋಗಿಗಳನ್ನು ಕುರಿತು ಯಾರೂ ಬಿಡಿ ಪ್ರಬಂಧವನ್ನು ಬರೆಯುವುದಿಲ್ಲ. ಎರಡೂ ಇದ್ದ ಒಬ್ಬ ರೋಗಿಯನ್ನು ಕುರಿತು ಬರೆಯುತ್ತಾರೆ. ವಿಜಯಗಳನ್ನು ಮಾತ್ರ ಕೆತ್ತಿಸಿದ ಪ್ರಶಸ್ತಿಶಾಸನಗಳಿಂದ ಅರಸನು ಎಂದೂ ಸೋಲಲೇ ಇಲ್ಲವೆಂದು ತಿಳಿಯುವ ಪ್ರಮಾದವು ಇಲ್ಲಿಯೂ ಸಂಭವಿಸಬಹುದು.

7. ಯಾವುದು ಮೊದಲು?

ಕಾರಣವೇನೇ ಇರಲಿ, ಎರಡೂ ಕಂಡ ಮೇಲೆ ನಿರ್ಣಯವನ್ನು ಮಾಡಲೇಬೇಕು. ಧಮನಿಯುಬ್ಬು ಒಡೆದಿದ್ದರೆ ವಿವಾದಕ್ಕೆ ಅವಕಾಶವಿಲ್ಲ. ಅದಕ್ಕೇ ಮೊದಲ ಸ್ಥಾನ. ಒಡೆಯದಿದ್ದಾಗ, ರೋಗಿಯನ್ನು ಪೀಡಿಸುತ್ತಿರುವುದು ಯಾವುದೆಂದು ವೈದ್ಯರು ಮೊದಲು ವಿಚಾರಿಸುತ್ತಾರೆ. ಸಾಮಾನ್ಯವಾಗಿ ಅದು ಗಡ್ಡೆ. ಆದರೆ ಗಡ್ಡೆಯನ್ನು ತೆಗೆಯುವಾಗ ಕಪಾಲದೊಳಗಿನ ಒತ್ತಡವೂ ರಕ್ತದೊತ್ತಡವೂ ಏರಿಳಿಯುತ್ತವೆ. ಮುಚ್ಚದೆ ಬಿಟ್ಟ ಉಬ್ಬು ಆಗ ಒಡೆಯಬಹುದೆಂಬ ಭಯವಿದೆ. ಎರಡೂ ಒಂದೇ ಮಾರ್ಗದಲ್ಲಿ ಕೈಗೆ ಸಿಗುವಂತಿದ್ದರೆ ಒಂದೇ ಶಸ್ತ್ರಕ್ರಿಯೆಯಲ್ಲಿ ಉಬ್ಬನ್ನು ಭದ್ರಪಡಿಸಿ ಗಡ್ಡೆಯನ್ನು ತೆಗೆಯುವುದುಂಟು. ದೂರದೂರದಲ್ಲಿದ್ದರೆ ಮೊದಲು ಸುರುಳಿಗಳಿಂದ ಉಬ್ಬನ್ನು ತುಂಬಿ, ಬಳಿಕ ಗಡ್ಡೆಗೆ ಕೈಹಾಕುವುದುಂಟು. ಆದರೆ ಧಮನಿಯಲ್ಲಿ ಸ್ಟೆಂಟನ್ನು ಇಡಬೇಕಾಗಿ ಬಂದರೆ ರಕ್ತವು ಹೆಪ್ಪುಗಟ್ಟದಂತೆ ಔಷಧವನ್ನು ತಿಂಗಳುಗಟ್ಟಲೆ ಕೊಡಬೇಕು. ಆ ಅವಧಿಯಲ್ಲಿ ಗಡ್ಡೆಯ ಶಸ್ತ್ರಕ್ರಿಯೆಯು ರಕ್ತಸ್ರಾವದ ಅಪಾಯದಿಂದ ಕೂಡಿರುತ್ತದೆ. ಒಂದರ ಪರಿಹಾರವು ಇನ್ನೊಂದರ ಪರಿಹಾರವನ್ನು ಮುಂದೂಡುವುದು ಹೀಗೆ.

ಪಿಟ್ಯುಟರಿಯ ವಿಷಯದಲ್ಲಿ ಎಚ್ಚರವು ಇನ್ನೂ ಹೆಚ್ಚಿರಬೇಕು. ಆ ಗಡ್ಡೆಯನ್ನು ಮೂಗಿನ ಮಾರ್ಗವಾಗಿ ತೆಗೆಯುತ್ತಾರೆ. ಅಲ್ಲಿಯ ಧಮನಿಯ ಉಬ್ಬು ಚಿತ್ರದಲ್ಲಿ ಗಡ್ಡೆಯಂತೆಯೇ ತೋರಬಹುದು. ಗಡ್ಡೆಯೆಂದು ತಿಳಿದು ಅದಕ್ಕೆ ಶಸ್ತ್ರವನ್ನು ತಾಗಿಸಿದರೆ ಪರಿಣಾಮವು ಘೋರ. ಹಾರ್ಸ್‌ಲಿಯ ಕಾಲದ ಗೊಂದಲವು ಯಂತ್ರಗಳ ಈ ಯುಗದಲ್ಲಿಯೂ ಸಂಪೂರ್ಣವಾಗಿ ನಿವಾರಣೆಯಾಗಿಲ್ಲ.

ಏನನ್ನೂ ಮಾಡದೆ ಕಾದುನೋಡುವುದೂ ಒಂದು ಚಿಕಿತ್ಸೆಯೇ. ಜಪಾನಿನಲ್ಲಿ 5,720 ರೋಗಿಗಳನ್ನು ಅನುಸರಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಒಡೆಯದ ಧಮನಿಯುಬ್ಬುಗಳು ವರ್ಷಕ್ಕೆ ಶೇಕಡಾ 0.95ರ ಪ್ರಮಾಣದಲ್ಲಿ ಒಡೆದುವು. ದೊಡ್ಡ ಉಬ್ಬುಗಳಲ್ಲಿ ಅಪಾಯವು ಹೆಚ್ಚು, ಸಣ್ಣವುಗಳಲ್ಲಿ ಕಡಮೆ. ಅಂತೆಯೇ ಆಕಸ್ಮಿಕವಾಗಿ ಕಂಡ ಸಣ್ಣ ಮೆನಿಂಜಿಯೋಮಾಗಳಲ್ಲಿ ಅನೇಕವು ಬಹುಕಾಲ ಬೆಳೆಯದೆ ಇರುತ್ತವೆ. ಆದರೆ ಕಾದುನೋಡುವುದೆಂದರೆ ಮತ್ತೆ ಮತ್ತೆ ನೋಡುವುದೆಂದರ್ಥ. ಹಿಂದಿನ ಚಿತ್ರವು ಕೈಯಲ್ಲಿರದೆ ಇಂದಿನ ಚಿತ್ರದಿಂದ ಬೆಳವಣಿಗೆಯನ್ನು ಅಳೆಯಲಾಗದು. ಇಲ್ಲಿ ವೈದ್ಯನು ತಾನರಿಯದೆಯೇ ದಾಖಲೆಗಳನ್ನು ಅವಲಂಬಿಸಿದ ಇತಿಹಾಸಕಾರನಾಗುತ್ತಾನೆ.

8. ನಮ್ಮ ಸೀಮೆಯ ಸ್ಥಿತಿ

ನಿರ್ಣಾ ಗ್ರಾಮವೂ ಅದರ ಸುತ್ತಲ ಪ್ರದೇಶವೂ 1948ರವರೆಗೆ ನಿಜಾಮರ ಆಳಿಕೆಗೆ ಒಳಪಟ್ಟಿದ್ದು, 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯವನ್ನು ಸೇರಿದುವು. ಇದರಿಂದಾಗಿ ದೊಡ್ಡ ದವಾಖಾನೆಯೆಂದರೆ ಈ ಕಡೆಯವರಿಗೆ ಹೈದರಾಬಾದು ನೆನಪಾಗುವುದು ರೂಢಿ. ಸೋಲಾಪುರ–ಹೈದರಾಬಾದು ಹೆದ್ದಾರಿಯು ಹುಮನಾಬಾದಿನ ಮೂಲಕವೇ ಹಾದುಹೋಗುತ್ತದೆ. ಆಧಾರಗಳನ್ನು ಕುರಿತ ಒಂದು ಪಾಠವನ್ನು ಆ ನಗರವೇ ಜಗತ್ತಿಗೆ ಒದಗಿಸಿದೆ. 1888 ಮತ್ತು 1889ರಲ್ಲಿ ಎಡ್ವರ್ಡ್ ಲಾರಿಯ ನೇತೃತ್ವದಲ್ಲಿ ನಿಜಾಮರ ಧನಸಹಾಯದಿಂದ ನಡೆದ ಕ್ಲೋರೋಫಾರ್ಮ್ ಆಯೋಗಗಳು ನೂರಾರು ಪ್ರಾಣಿಗಳ ಮೇಲೆ ಪ್ರಯೋಗಗಳನ್ನು ನಡೆಸಿ, ಕ್ಲೋರೋಫಾರ್ಮಿನಿಂದ ಮೊದಲು ನಿಲ್ಲುವುದು ಉಸಿರೇ ಹೊರತು ಹೃದಯವಲ್ಲವೆಂದು ಸಾರಿದುವು. 1911ರಲ್ಲಿ ಲೆವಿ ಎಂಬ ವಿದ್ವಾಂಸನು ಹೃದಯವೇ ಹಠಾತ್ತನೆ ನಿಲ್ಲಬಹುದೆಂಬುದನ್ನು ತೋರಿಸಿಕೊಟ್ಟನು. ಪ್ರಯೋಗಗಳ ಸಂಖ್ಯೆಯು ಎಷ್ಟೇ ದೊಡ್ಡದಿದ್ದರೂ ಸರಿಯಾದ ಪ್ರಶ್ನೆಯನ್ನು ಕೇಳದಿದ್ದರೆ ಉತ್ತರವು ತಪ್ಪಬಹುದು.

ಭಾರತದಲ್ಲಿ ನರಶಸ್ತ್ರಚಿಕಿತ್ಸೆಯು ನೆಲೆಗೊಂಡದ್ದು ಸ್ವಾತಂತ್ರ್ಯಾನಂತರ. ಡಾ. ಜೇಕಬ್ ಚಾಂಡಿಯವರು 1949ರಲ್ಲಿ ವೆಲ್ಲೂರಿನಲ್ಲಿಯೂ, ಡಾ. ಬಿ. ರಾಮಮೂರ್ತಿಯವರು 1950ರಲ್ಲಿ ಮದರಾಸಿನಲ್ಲಿಯೂ ಇದನ್ನು ಆರಂಭಿಸಿದರು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಗಿ, ಡಾ. ಆರ್. ಎಂ. ವರ್ಮಾ ಅವರು ಆ ದಶಕದ ಅಂತ್ಯದಿಂದ ಅಲ್ಲಿ ನರಶಸ್ತ್ರಚಿಕಿತ್ಸೆಯನ್ನು ಬೆಳೆಸಿದರು. 1974ರಲ್ಲಿ ಆ ಸಂಸ್ಥೆಯೂ ಸರಕಾರದ ಮಾನಸಿಕ ಆಸ್ಪತ್ರೆಯೂ ಒಂದಾಗಿ ನಿಮ್ಹಾನ್ಸ್ ಆಯಿತು. 1995ರಲ್ಲಿ ಡಾ. ಎಸ್. ಕೆ. ಶಂಕರ್ ಅವರ ಮುಂದಾಳುತನದಲ್ಲಿ ಅಲ್ಲಿ ಮಾನವ ಮಿದುಳುಗಳ ಸಂಗ್ರಹಾಲಯವೊಂದು ಏರ್ಪಟ್ಟಿತು. ಗ್ರಂಥಭಂಡಾರವು ಹಸ್ತಪ್ರತಿಗಳನ್ನು ಕಾಯುವಂತೆ ಅದು ವ್ಯಾಧಿಯ ಮೂಲ ಆಕರಗಳನ್ನೇ ಕಾಯ್ದಿಡುತ್ತದೆ.

ಆದರೆ ಬೆಂಗಳೂರು ನಿರ್ಣಾದಿಂದ 600 ಕಿಲೋಮೀಟರಿಗೂ ದೂರ. ಇಲ್ಲಿಯ ಒಬ್ಬ ಗೃಹಿಣಿಗೆ ವರ್ಷಾನುಗಟ್ಟಲೆ ತಲೆಶೂಲೆಯಿದ್ದು, ಒಂದು ಕಣ್ಣು ಮೆಲ್ಲನೆ ಮಸುಕಾಗುತ್ತ ಬಂದು, ಒಂದು ದಿನ ಹೊಲದಲ್ಲಿ ಕುಸಿದು ತೀರಿಕೊಂಡಳೆಂದು ಭಾವಿಸೋಣ. ಊರವರು ಲಕ್ವ ಹೊಡೆಯಿತೆನ್ನುತ್ತಾರೆ. 1969ರ ಜನನ ಮರಣ ನೋಂದಣಿ ಕಾಯಿದೆಯಂತೆ ಮರಣವು ದಾಖಲಾಗುತ್ತದೆ. ಆದರೆ ಮನೆಯಲ್ಲಿಯೋ ಹೊಲದಲ್ಲಿಯೋ ಸಂಭವಿಸಿದ ಮರಣದ ಕಾರಣವನ್ನು ಪರೀಕ್ಷಿಸಿ ಹೇಳುವವರು ಇರುವುದು ಅಪರೂಪ. ಕಣ್ಣನ್ನು ಮಸುಕಾಗಿಸಿದ್ದು ಗಡ್ಡೆಯೋ, ಪ್ರಾಣವನ್ನು ತೆಗೆದದ್ದು ಉಬ್ಬೋ, ಎರಡೂ ಇದ್ದುವೋ, ಎರಡೂ ಇರಲಿಲ್ಲವೋ ಎಂಬುದು ಆಕೆಯೊಡನೆಯೇ ಹೋಗುತ್ತದೆ. ಹಿಂದಿನ ಶತಮಾನಗಳಲ್ಲಿ ಹೀಗೆ ಹೋದವರ ಲೆಕ್ಕವನ್ನು ಯಾವ ದಫ್ತರವೂ ಇಟ್ಟಿರಲು ಸಾಧ್ಯವಿಲ್ಲ.

ನೋಡುವ ಸ್ಥಳವು ಹತ್ತಿರವಾದರೆ ಫಲವು ಬದಲಾಗುವುದೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ಆಧಾರವಿದೆ. 2010ರಲ್ಲಿ ಗುಲ್ಬರ್ಗಾ ವಿಭಾಗದಲ್ಲಿ ಆರಂಭವಾದ ವಾಜಪೇಯಿ ಆರೋಗ್ಯಶ್ರೀ ಯೋಜನೆಯು ಬಡತನದ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್, ನರವ್ಯೂಹ ಮುಂತಾದ ದೊಡ್ಡ ರೋಗಗಳ ಚಿಕಿತ್ಸೆಯನ್ನು ಉಚಿತವಾಗಿ ಒದಗಿಸಿತು. 2018ರಲ್ಲಿ ಇದು ಆರೋಗ್ಯ ಕರ್ನಾಟಕದಲ್ಲಿ ಲೀನವಾಯಿತು. ಯೋಜನೆಯಿದ್ದ 300 ಹಳ್ಳಿಗಳನ್ನೂ, ಗಡಿಯಾಚೆ ಯೋಜನೆಯಿಲ್ಲದ 272 ಹಳ್ಳಿಗಳನ್ನೂ ಹೋಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯೋಜನೆಗೆ ಒಳಪಟ್ಟ ರೋಗಗಳಿಂದಾದ ಮರಣವು ಬಡ ಕುಟುಂಬಗಳಲ್ಲಿ ಮೊದಲಿನ ಕಡೆ ಶೇಕಡಾ 0.32, ಎರಡನೆಯ ಕಡೆ ಶೇಕಡಾ 0.90 ಎಂದು ಕಂಡುಬಂದಿತು. ಇದು ಮಿದುಳಿನ ರೋಗಗಳೊಂದರ ಲೆಕ್ಕವಲ್ಲ. ಆದರೂ ದೂರ ಮತ್ತು ವೆಚ್ಚಗಳೇ ಎಷ್ಟೋ ಸಲ ರೋಗದ ಅರ್ಧ ಭಾಗವೆಂಬುದನ್ನು ಇದು ಸ್ಥಿರಪಡಿಸುತ್ತದೆ. 2017ರಲ್ಲಿ ತೆರೆದ ಬೀದರ–ಕಲಬುರಗಿ ರೈಲುಮಾರ್ಗವು ಹುಮನಾಬಾದನ್ನು ಕೂಡಿಸಿದ್ದೂ ಈ ದೃಷ್ಟಿಯಿಂದ ಸಣ್ಣ ಸಂಗತಿಯಲ್ಲ.

9. ಉಪಸಂಹಾರ

ಮೇಲಣ ವಿವೇಚನೆಯಿಂದ ಹೊರಡುವ ತಾತ್ಪರ್ಯವಿಷ್ಟು. ಮಿದುಳಿನ ಸೌಮ್ಯ ಗಡ್ಡೆ ಮತ್ತು ಧಮನಿಯುಬ್ಬುಗಳ ಸಹಾಸ್ತಿತ್ವದ ಚರಿತ್ರೆಯು ಬಹುಮಟ್ಟಿಗೆ ನೋಟದ ಚರಿತ್ರೆ. ಸಾಧನವು ಸೂಕ್ಷ್ಮವಾದಂತೆಲ್ಲ ವಿರಳವೆನಿಸಿದ್ದು ಹೆಚ್ಚಾಗಿ ಕಾಣತೊಡಗಿತು. ಒಟ್ಟಿಗೆ ಇರುವುದು ಸಂಬಂಧಕ್ಕೆ ಸಾಕ್ಷಿಯಲ್ಲ. ದಾಖಲೆಯಲ್ಲಿ ಇಲ್ಲದಿರುವುದು ಅಭಾವಕ್ಕೆ ಸಾಕ್ಷಿಯಲ್ಲ.

ಇದರಿಂದ ಎರಡು ಕರ್ತವ್ಯಗಳು ಒದಗುತ್ತವೆ. ಮೊದಲನೆಯದು ಜನಸಾಮಾನ್ಯರದು. ಆಸ್ಪತ್ರೆಯಲ್ಲಿ ತೆಗೆದ ಚಿತ್ರಗಳನ್ನೂ, ಶಸ್ತ್ರಕ್ರಿಯೆಯ ವಿವರಪತ್ರವನ್ನೂ ಮನೆಯ ಖಾತೆಪತ್ರಗಳಷ್ಟೇ ಜೋಪಾನವಾಗಿ ಕಾಯ್ದಿಡಬೇಕು. ಹಳೆಯ ಕಾಲದ ಕೆಲವು ಕ್ಲಿಪ್ಪುಗಳು ಅಯಸ್ಕಾಂತಕ್ಕೆ ಸೆಳೆಯಲ್ಪಡುವ ಲೋಹದವು. ಅಂಥ ಕ್ಲಿಪ್ಪನ್ನು ಹೊತ್ತ ರೋಗಿಯನ್ನು ಗಡ್ಡೆಯ ಪರೀಕ್ಷೆಗಾಗಿ ಎಂ.ಆರ್.ಐ. ಯಂತ್ರದೊಳಕ್ಕೆ ಸೇರಿಸಿದರೆ ಅದು ಸ್ಥಳ ತಪ್ಪಿ ಪ್ರಾಣಕ್ಕೇ ಕುತ್ತು ಬರಬಹುದು. ಈಗ ಬಳಕೆಯಲ್ಲಿರುವ ಟೈಟೇನಿಯಮ್ ಕ್ಲಿಪ್ಪುಗಳಿಂದ ಆ ಭಯವಿಲ್ಲ. ತಲೆಯೊಳಗೆ ಇರುವುದು ಯಾವುದೆಂಬುದನ್ನು ಆ ಒಂದು ಹಾಳೆಯಷ್ಟೇ ಹೇಳಬಲ್ಲುದು. ಹಾಗೆಯೇ ಸಿಡಿಲೆರಗಿದಂತೆ ಬಂದ ತಲೆನೋವನ್ನು ನಾಳೆಗೆಂದು ಮುಂದೂಡದೆ ಕೂಡಲೆ ದವಾಖಾನೆಗೆ ಒಯ್ಯಬೇಕು; ಮೆಲ್ಲಮೆಲ್ಲನೆ ಮಂದವಾಗುವ ದೃಷ್ಟಿಯನ್ನು ವಯಸ್ಸಿನ ಮೇಲೆ ಹೊರಿಸಿ ಸುಮ್ಮನಿರಬಾರದು.

ಎರಡನೆಯದು ನಮ್ಮಂಥ ವಿಭಾಗಗಳದು. ಅರಸರ ಶಾಸನಗಳನ್ನೂ ಕೈಫಿಯತ್ತುಗಳನ್ನೂ ಸಂಗ್ರಹಿಸುವ ಶ್ರದ್ಧೆಯಿಂದಲೇ ತಾಲ್ಲೂಕು ದವಾಖಾನೆಗಳ ಹಳೆಯ ದಫ್ತರಗಳನ್ನೂ, ಉರ್ದುವಿನಲ್ಲಿಯೂ ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಇರುವ ಗ್ರಾಮ ಮರಣಪಟ್ಟಿಗಳನ್ನೂ ರಕ್ಷಿಸಬೇಕು. ರೋಗಿಗಳ ಗೌಪ್ಯವನ್ನು ಕಾಯುತ್ತಲೇ ಈ ಕಾರ್ಯವನ್ನು ಮಾಡಬಹುದು. ನಿರ್ಣಾದಂಥ ಗ್ರಾಮಗಳಲ್ಲಿ ಯಾರು ಹೇಗೆ ಬದುಕಿದರೆಂಬುದನ್ನು ತಿಳಿಯಲು ಇತಿಹಾಸವು ಬಹುವಾಗಿ ಶ್ರಮಿಸಿದೆ. ಯಾರು ಏತರಿಂದ ತೀರಿಕೊಂಡರೆಂಬುದನ್ನು ತಿಳಿಯುವ ಶ್ರಮವೂ ಇತಿಹಾಸಕ್ಕೆ ಸೇರಿದ್ದೇ ಆಗಿದೆ.